ಗೂಡಿನ ಹೂ ಕಟ್ಟುತ್ತಿದ್ದ ಖಾಲಾ

ಹೋದ ತಿಂಗಳು ಮಾಗಡಿಯಿಂದ ಚನ್ನಪಟ್ಟಣಕ್ಕೆ ಒಂದು ಮದುವೆಗೆಂದು ಹೊರಟಿದ್ದೆ. ಬಸ್ಸು ರಾಮನಗರದ ಪೇಟೆಯೊಳಗೆ ಬಂದು ನಿಧಾನವಾದಾಗ ಕಿಟಕಿಯಿಂದ ಆ ವಾಸನೆ ಒಳಗೆ ನುಗ್ಗಿತು. ರೇಷ್ಮೆಗೂಡು ಬೇಯಿಸುವ ವಾಸನೆ. ಪಕ್ಕದಲ್ಲಿದ್ದ ಹುಡುಗಿ ದುಪಟ್ಟಾ ಮೂಗಿಗೆ ಒತ್ತಿಕೊಂಡು ಕಿಟಕಿ ಎಳೆಯಲು ಕೈ ಚಾಚಿದಳು. "ಒಸಿ ಹೊತ್ತು ಇರ್ಲಿ ಬಿಡವ್ವ" ಅಂದೆ. ಅವಳು ನನ್ನ ಮುಖವನ್ನೇ ನೋಡಿದಳು. ಮೂಗು ಮುಚ್ಚಿಕೊಂಡರೆ ನನಗೆ ಒಬ್ಬರು ಕಾಣದೇ ಹೋಗುತ್ತಾರೆ ಎಂದರೆ ಅವಳಿಗೆ ಅರ್ಥವಾಗುತ್ತಿತ್ತೇ.

ಮದುವೆಯಾಗಿ ಕೋಡಿಹಳ್ಳಿ ಕಡೆಯಿಂದ ರಾಮನಗರಕ್ಕೆ ಬಂದಾಗ ನಾವು ಹಿಡಿದ ಬಾಡಿಗೆ ಮನೆಯ ಎದುರು ಅವರ ಮನೆ. ನಮ್ಮನೆಯವರು ಬಸ್ ಕಂಡಕ್ಟರ್, ಬೆಳಗಾಗುವ ಮೊದಲೇ ಹೋಗಿಬಿಡುತ್ತಿದ್ದರು. ಎದುರು ಮನೆಯಲ್ಲಿ ಗೂಡಿನಿಂದ ನೂಲು ತೆಗೆಯುವ ಕೆಲಸ. ಗಂಡ, ಹೆಂಡತಿ, ಮಗ ಎಲ್ಲರೂ ಅದಕ್ಕೇ ಕೂರುತ್ತಿದ್ದರು. ಮಗಳನ್ನು ಚನ್ನಪಟ್ಟಣದ ಬೊಂಬೆ ಮಾಡುವವರ ಮನೆಗೆ ಕೊಟ್ಟಿದ್ದರು. ಆ ಮನೆಯ ಹೆಂಗಸನ್ನು ಇಡೀ ಬೀದಿ ಖಾಲಾ ಎಂದು ಕರೆಯುತ್ತಿತ್ತು. ನಮ್ಮಲ್ಲಿ ಚಿಕ್ಕಮ್ಮ ಅನ್ನುವ ಹಾಗೆ. ನಾನೂ ಹಾಗೆಯೇ ಕರೆದೆ. ಬಿಸಿನೀರಿನಲ್ಲಿ ದಿನವೂ ಆಡಿ ಅವರ ಬೆರಳ ತುದಿಗಳು ಬೆಳ್ಳಗೆ ನೆರಿಗೆ ಬಿದ್ದಿರುತ್ತಿದ್ದವು.

ನಮ್ಮ ಸ್ನೇಹ ಶುರುವಾದದ್ದು ಒಂದು ಹಳೇ ಬೆಡ್‌ಶೀಟಿನಿಂದ. ನಡುವೆ ಸವೆದು ಜಾಲರಿಯಾಗಿದ್ದ ಅದನ್ನು ನೆಲ ಒರೆಸಲು ಹರಿಯುತ್ತಿದ್ದೆ. ಖಾಲಾ ಬೀದಿ ದಾಟಿ ಬಂದು ಕೈಯಿಂದ ಕಸಿದುಕೊಂಡರು. ಉದ್ದಕ್ಕೆ ನಡುವೆ ಕತ್ತರಿಸಿ, ಗಟ್ಟಿಯಾಗಿದ್ದ ಎರಡು ಅಂಚನ್ನು ಮಧ್ಯಕ್ಕೆ ತಂದು ಸೇರಿಸಿ ಹೊಲಿದು, ಸವೆದ ಭಾಗವನ್ನು ಪಕ್ಕಕ್ಕೆ ಹಾಕಿ ಮಡಿಸಿಕೊಟ್ಟರು. "ಮನುಷ್ಯ ಮಲಗೋದು ಮಧ್ಯದಲ್ಲಿ. ಪಕ್ಕಕ್ಕೆ ಎಷ್ಟು ಗಟ್ಟಿ ಬೇಕು ಹೇಳು ಬೇಟಿ?" ಅಂದರು. ಅದರ ಮೇಲೆ ನಾವು ಇನ್ನೂ ಎಷ್ಟೋ ವರ್ಷ ಮಲಗಿದೆವು.

ಆಮೇಲೆ ದಿನಕ್ಕೊಂದು. ಹಸಿಮೆಣಸಿನಕಾಯಿಯ ತೊಟ್ಟು ಕಿತ್ತಿಟ್ಟರೆ ಬೇಗ ಕೊಳೆಯುವುದಿಲ್ಲ. ಹುಣಸೆಹಣ್ಣು ಹಿಂಡಿ ಉಳಿದ ನಾರಿಗೆ ಉಪ್ಪು ಸೇರಿಸಿದರೆ ಹಿತ್ತಾಳೆ ಚೊಂಬು ಫಳಫಳ. ಸವೆದ ಸೋಪಿನ ಚೂರುಗಳನ್ನು ಹಳೇ ಬನಿಯನ್ನಿನ ತುಂಡಿನಲ್ಲಿ ಗಂಟು ಕಟ್ಟಿಟ್ಟರೆ ಕೈಕಾಲು ತೊಳೆಯಲು ಆಯಿತು. ನಾನೂ ಸುಮ್ಮನಿರಲಿಲ್ಲ. ಸೊಪ್ಪು, ಕಾಳು ಬೇಯಿಸಿದ ನೀರನ್ನು ಅವರು ಚೆಲ್ಲುವುದನ್ನು ನೋಡಿ ಬಸ್ಸಾರು ಕಲಿಸಿದೆ. ಮೊದಲ ಸಲ ಉಂಡಾಗ ಅವರು ತಟ್ಟೆ ಕೆಳಗಿಟ್ಟು, ಇಷ್ಟು ವರ್ಷ ಮೋರಿಗೆ ಸುರಿದುಬಿಟ್ಟೆನಲ್ಲಾ ಎಂದು ನಿಜವಾಗಿಯೂ ವ್ಯಥೆಪಟ್ಟರು. ಅವರಿಗೆ ಏನಾದರೂ ವ್ಯರ್ಥವಾದರೆ ಮೈಗೆ ನೋವಾದ ಹಾಗೆ ಆಗುತ್ತಿತ್ತು.

ಹೂವಿನ ಕತೆಯೂ ಅಲ್ಲಿಂದಲೇ ಹುಟ್ಟಿದ್ದು. ಕಲೆಯಾದ, ತೂತಾದ ಗೂಡಿನಿಂದ ನೂಲು ಬರುವುದಿಲ್ಲ. ಅಂಥವನ್ನು ಆರಿಸಿ ಖಾಲಾ ಒಂದು ಬುಟ್ಟಿಗೆ ಹಾಕುತ್ತಿದ್ದರು. ತುದಿ ಕತ್ತರಿಸಿ, ಒಣಗಿದ ಹುಳ ಉದುರಿಸಿ, ತೊಳೆದು ಒಣಗಿಸಿ, ಸಣ್ಣ ಕತ್ತರಿಯಲ್ಲಿ ಎಸಳು ತೆಗೆಯುತ್ತಿದ್ದರು. ಬೀಟ್‌ರೂಟ್ ಸಿಪ್ಪೆ ಕುದಿಸಿದ ನೀರಿನಲ್ಲಿ ಅದ್ದಿದರೆ ತಿಳಿಗುಲಾಬಿ, ಈರುಳ್ಳಿ ಸಿಪ್ಪೆಯಲ್ಲಾದರೆ ಜೇನಿನ ಬಣ್ಣ. ಹಳದಿ ಗೂಡಿಗೆ ಬಣ್ಣವೇ ಬೇಡ, ಸೇವಂತಿಗೆ ಸಿದ್ಧ. ಎಸಳು ಸೇರಿಸಿ ಹೊಲಿದ ಹೂಗಳನ್ನು ದಾರಕ್ಕೆ ಪೋಣಿಸಿ ಹಾರ ಮಾಡಿದರೆ ಎಂದೂ ಬಾಡುವುದಿಲ್ಲ. ಮಧ್ಯಾಹ್ನ ಒಲೆ ಆರಿದ ಮೇಲೆ ಅವರ ಜಗಲಿಯಲ್ಲಿ ನಾನೂ ಕೂತು ಕಲಿತೆ.

ಹೀಗಿರುವಾಗ ನಮ್ಮನೆಯವರು ಬಸ್ಸಿನ ಮೆಟ್ಟಿಲಿಂದ ಜಾರಿ ಬಿದ್ದರು. ತೊಡೆಯ ಮೂಳೆ ಮುರಿಯಿತು. ಆಪರೇಶನ್ ಮಾಡಿ ರಾಡು ಹಾಕಿದರು. ಮನೆಗೆ ಬಂದ ಮೇಲೆ ಆ ಮನುಷ್ಯ ಮಾತು ಬಿಟ್ಟರು. ಗೋಡೆ ಕಡೆ ಮುಖ ಮಾಡಿ ಮಲಗಿಬಿಡುತ್ತಿದ್ದರು. ಊಟ ಇಟ್ಟರೆ ಅರ್ಧ ಉಣ್ಣುವುದು, ಕೇಳಿದರೆ ಹ್ಞೂಂ ಅನ್ನುವುದು. ಖಾಲಾ ಕಲಿಸಿದ್ದೆಲ್ಲ ಆಗ ಕೈಗೆ ಬಂತು. ಮನೆಯನ್ನು ಹೇಗೋ ನಡೆಸಿದೆ. ಆದರೆ ಮಂಚದ ಮೇಲಿದ್ದವರನ್ನು ಏನು ಮಾಡಬೇಕೋ ತಿಳಿಯಲಿಲ್ಲ. ಒಂದು ದಿನ ಅವರು ಗೋಡೆ ನೋಡುತ್ತಲೇ ಅಂದರು, "ನಾನು ಇದ್ರೆಷ್ಟು, ಹೋದ್ರೆಷ್ಟು."

ಬಾಗಿಲಲ್ಲಿ ಖಾಲಾ ನಿಂತಿದ್ದರು. ಮೊಸರಿಗೆ ಹೆಪ್ಪು ಕೇಳಲು ಬಂದವರು ಹಾಗೇ ಹಿಂದಕ್ಕೆ ಹೋದರು. ಸ್ವಲ್ಪ ಹೊತ್ತಿಗೆ ಗೂಡಿನ ಬುಟ್ಟಿ, ಕತ್ತರಿ ಹಿಡಿದು ಬಂದು ಮಂಚದ ಮೇಲೆ ಇಟ್ಟರು.

"ಕಂಡಕ್ಟ್ರಪ್ಪ, ಒಂದು ಮದುವೆ ಮನೆಗೆ ಹಾರ ಒಪ್ಕೊಂಡ್ಬುಟ್ಟೀನಿ. ನನಗೆ ದಮ್ಮು ಹತ್ತಿಕೊಂಡೈತೆ. ನಿನ್ನ ಹೆಂಡ್ತಿಗೆ ಒಲೆ ಮುಂದೆ ಕೆಲಸ. ಎಸಳು ನೀನು ಕತ್ತರಿಸು."

"ಇದೆಲ್ಲ ಹೆಂಗಸರ ಕೆಲಸ ಕಣ ಖಾಲಾ" ಎಂದರು ಅವರು, ತಿರುಗಿಯೂ ನೋಡದೆ.

"ಇಷ್ಟು ವರ್ಷ ಟಿಕೆಟ್ ಹರಿದ ಕೈ. ಹೂ ಹರಿಯೋಕೆ ಆಗಲ್ವಾ? ಮುರಿದಿರೋದು ಕಾಲು" ಅಂದು ಹೊರಟೇಬಿಟ್ಟರು.

ಬುಟ್ಟಿ ಅಲ್ಲೇ ಇತ್ತು. ನಾನು ಮುಟ್ಟಲಿಲ್ಲ. ಮುಟ್ಟಬೇಡ ಎಂದು ಹೋಗುವಾಗ ಖಾಲಾ ಕಣ್ಣಲ್ಲೇ ಹೇಳಿದ್ದರು. ಅಡುಗೆಮನೆಯಲ್ಲಿ ಕಾಳು ಆರಿಸುತ್ತಾ ಕೂತೆ. ತುಂಬಾ ಹೊತ್ತು ಸದ್ದೇ ಇಲ್ಲ. ಆಮೇಲೆ ಕಚ್ ಎಂದಿತು. ಮತ್ತೊಂದು ಸಲ ಕಚ್... ನಾನು ಮೊರ ಹಿಡಿದುಕೊಂಡು ಅಲುಗಾಡದೆ ಕೂತುಬಿಟ್ಟೆ. ಎದ್ದು ಹೋಗಿ ನೋಡಿದರೆ ಎಲ್ಲಿ ನಿಂತುಹೋಗುತ್ತದೋ ಎಂಬ ಭಯ.

ಸಂಜೆ ಖಾಲಾ ಬಂದು ಒಂದೊಂದೇ ಎಸಳನ್ನು ಬೆಳಕಿಗೆ ಹಿಡಿದು ನೋಡಿದರು. ಹೊಗಳುತ್ತಾರೆ ಎಂದುಕೊಂಡಿದ್ದೆ. "ಇಷ್ಟು ಅಗಲ ಬುಟ್ರೆ ಗುಲಾಬಿ ಆಗಲ್ಲ, ಎಲೆಕೋಸು ಆಯ್ತದೆ" ಎಂದು ಅರ್ಧಕ್ಕರ್ಧ ವಾಪಸ್ ಕೊಟ್ಟರು. ನಮ್ಮನೆಯವರಿಗೆ ರೇಗಿಹೋಯಿತು. ದಿಂಬಿಗೆ ಒರಗಿ ಎದ್ದು ಕೂತು, ಎಲ್ಲಿ ತೋರಿಸು ಮತ್ತೆ, ಹೆಂಗೆ ಅಂತ, ಎಂದರು. ಎಷ್ಟೋ ವಾರಗಳ ಮೇಲೆ ಅವರು ಯಾರ ಜೊತೆಗಾದರೂ ಜಗಳಕ್ಕೆ ನಿಂತದ್ದು ಅದೇ ಮೊದಲು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಒಳಗೆ ಹೋದೆ.

ಆ ಹಾರ ಮದುವೆ ಮನೆಗೆ ಹೋಯಿತು. ಅದನ್ನು ನೋಡಿದವರು ಇನ್ನೊಂದು ಕೇಳಿದರು. ಕಾಲು ಕೂಡಿ ಬರುವ ತನಕ ನಮ್ಮನೆಯವರು ಮಂಚದ ಮೇಲೇ ಕೂತು ಹೂ ಕತ್ತರಿಸಿದರು. ಕೋಲೂರಿ ನಡೆಯಲು ಶುರುಮಾಡಿದ ಮೇಲೆ ಖಾಲಾನ ಜಗಲಿಗೇ ಹೋಗಿ ಕೂರುತ್ತಿದ್ದರು. ಇಬ್ಬರೂ ಬಣ್ಣದ ವಿಚಾರಕ್ಕೆ ವಾದ ಮಾಡುವುದು ನಮ್ಮ ಮನೆಗೆ ಕೇಳಿಸುತ್ತಿತ್ತು. ಕೊನೆಗೆ ಒಂದು ದಿನ ಅವರು ಖಾಕಿ ಹಾಕಿಕೊಂಡು ಕೆಲಸಕ್ಕೆ ಹೊರಟಾಗ ಖಾಲಾ ಬಾಗಿಲಲ್ಲಿ ನಿಂತು, ಮೆಟ್ಟಿಲು ನೋಡಿ ಹತ್ತಪ್ಪ, ಎಂದಷ್ಟೇ ಅಂದರು.

ನಮಗೆ ಮಾಗಡಿಗೆ ವರ್ಗವಾಯಿತು. ಸಾಮಾನು ಲಾರಿಗೆ ಏರಿಸುವಾಗ ಅವರು ಹೊರಗೆ ಬರಲಿಲ್ಲ. ಒಳಗೆ ಹೋಗಿ ನೋಡಿದೆ, ಒಲೆಯ ಮುಂದೆ ಹಬೆಯಲ್ಲಿ ಕೂತಿದ್ದರು. ಕಣ್ಣು ಕೆಂಪಾಗಿತ್ತು. ಹಬೆ ಬೇಟಿ, ಅಂದರು...

ಉಬ್ಬಸ ಜಾಸ್ತಿಯಾಗಿದೆ ಎಂದು ಫೋನಿನಲ್ಲಿ ಗೊತ್ತಾಗುತ್ತಿತ್ತು. ಒಂದು ವಾಕ್ಯ ಮುಗಿಸಲು ಅವರು ನಡುವೆ ನಿಲ್ಲುತ್ತಿದ್ದರು. ಹಬೆಯಿಂದ ದೂರ ಇರಬೇಕು ಎಂದು ಡಾಕ್ಟರು ಹೇಳಿದ ಮೇಲೆ ಮಗ ಕೆಲಸ ನಿಲ್ಲಿಸಿದ. ಅಷ್ಟರಲ್ಲಿ ಗಂಡನೂ ತೀರಿಹೋಗಿದ್ದರು. ಮನೆ ಮಾರಿ, ಖಾಲಾ ಮಗಳ ಮನೆ ಸೇರಿದರು.

ಒಂದು ಸಲ ಮಾತ್ರ ಮಾಗಡಿಗೆ ಬಂದರು. ಮುಂಚೆ ಹೇಳಿರಲಿಲ್ಲ. ಬಸ್ ಬದಲಾಯಿಸಿಕೊಂಡು, ಏದುಸಿರು ಬಿಡುತ್ತಾ, ಬಾಗಿಲಲ್ಲಿ ನಿಂತಿದ್ದರು. ನೀರು ಕುಡಿದು ಸುಧಾರಿಸಿಕೊಂಡವರೇ ಅಡುಗೆಮನೆಗೆ ನುಗ್ಗಿ ನನ್ನ ಡಬ್ಬಿಗಳನ್ನೆಲ್ಲ ತೆಗೆದು ನೋಡಿದರು. ರಾಗಿಹಿಟ್ಟಿಗೆ ಹುಳ ಬಿದ್ದಿಲ್ಲ, ಒಣಮೆಣಸಿನಕಾಯಿ ಬೂಷ್ಟು ಹಿಡಿದಿಲ್ಲ. ಸಮಾಧಾನವಾಯಿತು ಅವರಿಗೆ. ಬಸ್ಸಾರು ಮಾಡಿಸಿಕೊಂಡು ಉಂಡರು. ಸಂಜೆ ಬಸ್ ಸ್ಟ್ಯಾಂಡಿನಲ್ಲಿ ನನ್ನ ಕೈಯನ್ನು ತಮ್ಮ ಎರಡು ಕೈಯೊಳಗೆ ಇಟ್ಟುಕೊಂಡು ಬಸ್ ಹೊರಡುವ ತನಕ ಬಿಡಲಿಲ್ಲ. "ರಮ್ಜಾನ್ ಕಳೀಲಿ, ಮತ್ತೆ ಬತ್ತೀನಿ" ಅಂದರು. ಆ ಕೈಬೆರಳುಗಳಲ್ಲಿ ನೆರಿಗೆ ಇರಲಿಲ್ಲ. ಬಿಸಿನೀರು ಬಿಟ್ಟು ಬಹಳ ದಿನವಾಗಿತ್ತು.

ಮತ್ತೆ ಅವರು ಬರಲಿಲ್ಲ. ಸುದ್ದಿ ಬರುವಷ್ಟರಲ್ಲಿ ಮಣ್ಣಾಗಿತ್ತು.

ಹೋದ ತಿಂಗಳು ಮದುವೆಯ ಊಟ ಮುಗಿಸಿ ನಾನು ಹುಡುಕಿಕೊಂಡು ಹೋದದ್ದು ಅವರ ಮಗಳ ಮನೆಗೆ. ಹಣೆ, ಹುಬ್ಬು ಎಲ್ಲ ಅಮ್ಮನದೇ. ಚಹಾ ಕೊಟ್ಟು, ಎದುರಿಗೆ ಕೂತು ಹೇಳಿದಳು. "ಅಮ್ಮಿ ನನಗೆ ಗೂಡು ಮುಟ್ಟೋಕೇ ಬಿಡಲಿಲ್ಲ ಅಕ್ಕ. ಇದೆಲ್ಲ ನನ್ನ ತಲೆಗೇ ಸಾಕು ಅಂತಿತ್ತು. ಈಗ ಕಲಿಯೋಣ ಅನ್ನಿಸ್ತೈತೆ. ನಿಮಗೆ ಬರ್ತದಲ್ಲ?"

ಗೂಡು ತರಿಸಿದಳು. ಗುಲಾಬಿ ತೋರಿಸಿದೆ, ಸೇವಂತಿ ತೋರಿಸಿದೆ. ಎಸಳು ಅಗಲ ಬಿಟ್ಟಾಗ ಬೈದೆ. ಆಗ ಅವಳು ಎದ್ದು ಬೀರುವಿನಿಂದ ಬಟ್ಟೆಯಲ್ಲಿ ಸುತ್ತಿದ್ದ ಒಂದು ಪುಟ್ಟ ಮೊಗ್ಗು ತಂದಳು. ಕೊನೇ ದಿನಗಳಲ್ಲಿ ಅಮ್ಮ ಹಾಸಿಗೆಯಲ್ಲೇ ಕೂತು ಮಾಡಿದ್ದಂತೆ. ಇಡೀ ಗೂಡು ಒಳಮುಖವಾಗಿ ಸುತ್ತಿಕೊಂಡು ಅರಳಲು ಕಾದಿರುವ ಮೊಗ್ಗು. ಹೊಲಿಗೆಯೂ ಕಾಣದು, ಅಂಟೂ ಕಾಣದು. ಇದನ್ನು ಅವರು ನನಗೆ ಕಲಿಸಿರಲಿಲ್ಲ. ಬಹುಶಃ ನಾನು ಹೋದ ಮೇಲೆ ಹೊಳೆದದ್ದಿರಬೇಕು.

ಇಬ್ಬರೂ ತಿರುಗಿಸಿ ತಿರುಗಿಸಿ ನೋಡಿದೆವು. ಗೂಡಿನ ಮೇಲೆ ಗೂಡು ಹಾಳುಮಾಡಿದೆವು. ಬರಲಿಲ್ಲ. ಖಾಲಾನ ಮೊಗ್ಗನ್ನೇ ಒಂದು ಕಡೆ ಸ್ವಲ್ಪ ಬಿಚ್ಚಿ ನೋಡಿದ್ದರೆ ಮಡಿಕೆ ಎಲ್ಲಿಂದ ಶುರು ಎಂದು ತಿಳಿದುಬಿಡುತ್ತಿತ್ತು. ಕತ್ತರಿ ನಮ್ಮ ನಡುವೆಯೇ ಇತ್ತು. ಅವಳು ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ.

"ಬೇಡ ಅಲ್ವಾ ಅಕ್ಕ?" ಅಂದಳು.

"ಬೇಡ ಕಣವ್ವ" ಅಂದೆ.

ಅವಳು ಮೊಗ್ಗನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿ ಒಳಗಿಟ್ಟಳು.