ಕಾಗದದ ಕಟ್ಟಿಗೆ ಸಿಕ್ಕಿಸಿದ ಕದಿರು

ಬಸ್ರೂರಿನ ಅಜ್ಜನ ಮನೆಯಲ್ಲಿ ಚಿಕ್ಕಮ್ಮನ ಮಂಚದಡಿಯ ಟ್ರಂಕಿನಲ್ಲಿ ಆ ಮನೆಯ ಕಾಗದಪತ್ರಗಳೆಲ್ಲ ಇದ್ದವು: ಅಜ್ಜನ ಕಾಲದ ಗೇಣಿಚೀಟಿ, ತೀರ್ವೆ ರಸೀದಿ, ಯಾವತ್ತೋ ಮುಗಿದ ವ್ಯಾಜ್ಯಗಳ ನಕಲು. ಅವುಗಳ ನಡುವೆ ಒಂದು ಪಾಲುಪಟ್ಟಿ. ಗಂಡ ಸತ್ತು ತವರಿಗೆ ಮರಳಿದ ಮಗಳಿಗೆ, ಅಂದರೆ ಚಿಕ್ಕಮ್ಮನಿಗೆ, ಮನೆಯ ತೆಂಕುಭಾಗ ಸೇರಬೇಕೆಂದು ಅಜ್ಜ ಬರೆದು ರುಜು ಹಾಕಿದ್ದರು. ರಿಜಿಸ್ಟರ್ ಮಾಡಿಸಿರಲಿಲ್ಲ. ಮನೆಯವರೇ ಮೋಸ ಮಾಡುತ್ತಾರೆಯೇ ಎಂಬ ಭಂಡ ಧೈರ್ಯ!

ಊರಿಗೆ ಮೊಬೈಲು ಬಂದ ಹೊಸತರಲ್ಲಿ ಚಿಕ್ಕಮ್ಮನ ಅಣ್ಣನ ಮಗ, ಇಡೀ ಮನೆ ತನ್ನದೇ ಎಂದು ಕೋರ್ಟಿಗೆ ಹೋದ. ಕುಂದಾಪುರದ ನಮ್ಮ ವಕೀಲರು ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದರು: "ನಾಳೆ ಮೂಲಪತ್ರ ತನ್ನಿ. ಬಾಯಿಮಾತು ನಡೆಯೋದಿಲ್ಲ."

ಜೆರಾಕ್ಸ್ ಮಾಡಿಸಿಡೋಣ ಎಂದು ಹಿಂದೆ ಎಷ್ಟು ಗೋಗರೆದಿದ್ದೆ! ಕಾಗದ ಹೊಸಿಲು ದಾಟಕೂಡದು ಅನ್ನುವುದು ಚಿಕ್ಕಮ್ಮನ ಹಟ. ಬ್ರಹ್ಮಾವರದಿಂದ ಬಸ್ಸು ಹಿಡಿದು ಬಸ್ರೂರಿಗೆ ಓಡಿದೆ. ಟ್ರಂಕನ್ನು ಎಳೆದಾಗ ಒಳಗೇನೋ ಸರಸರ ಎಂದಿತು.

"ಎಂತ ಅದ್?"

"ಎಂತದೂ ಇಲ್ಲೆ. ಮುಚ್ಚಳ ತೆಗಿ," ಎಂದಳು ಚಿಕ್ಕಮ್ಮ.

ತೆಗೆದೆ. ಇಲಿಯೊಂದು ನನ್ನ ಮೊಣಕೈ ಮೇಲೇ ಹಾರಿ ಓಡಿತು. ಒಳಗೆ ಕಾಗದದ ಚೂರುಗಳ ಗೂಡು, ಸುತ್ತ ಭತ್ತದ ಹೊಟ್ಟು.

ಹೊಸ ಬೆಳೆ ಮನೆಗೆ ಬರುವ ಹೊಸ್ತಿನ ದಿನ ನಮ್ಮ ಕಡೆ ಬಾಗಿಲಿಗೆ, ಬಾವಿಕಟ್ಟೆಗೆ, ನೇಗಿಲಿಗೆ ಭತ್ತದ ಕದಿರು ಕಟ್ಟುತ್ತಾರೆ. ಮನೆಯನ್ನು ಕಾಯುವುದಕ್ಕೆಲ್ಲ ಅದೊಂದು ಮರ್ಯಾದೆ. ಚಿಕ್ಕಮ್ಮ ವರ್ಷ ವರ್ಷವೂ ಆ ಕಾಗದದ ಕಟ್ಟಿಗೂ ಒಂದು ಕದಿರು ಸಿಕ್ಕಿಸಿ ಮುಚ್ಚಳ ಹಾಕುತ್ತಿದ್ದಳು.

ಹೊಟ್ಟು ಕೊಡವಿ ಒಂದೊಂದೇ ಹಾಳೆ ಬಿಡಿಸಿದೆವು. ಯಾರಿಗೂ ಬೇಡದ ರಸೀದಿಗಳು ಗಟ್ಟಿಯಾಗಿ ಕೂತಿದ್ದವು. ಪಾಲುಪಟ್ಟಿಯ ಮೇಲಿನರ್ಧ ಮಾತ್ರ ಉಳಿದಿತ್ತು. ತೆಂಕುಭಾಗದ ಸಾಲೂ ಇಲ್ಲ, ಅಜ್ಜನ ರುಜುವೂ ಇಲ್ಲ. ನನಗೆ ಪಿತ್ತ ನೆತ್ತಿಗೇರಿತು.

"ಇಲಿಗೆ ಎಲಿ ಹಾಯ್ಕಿ ಬಡ್ಸಿದ್ದ್ ನೀನೇ!"

"ಕದ್ರ್ ಕಟ್ಟಿರೆ ಮನಿ ಉಳಿತ್ತ್ ಅಂದ್ಕಂಡೆ, ಮಗಾ," ಎಂದಷ್ಟೇ ಹೇಳಿ ಅವಳು ಚೂರುಗಳನ್ನು ಸೆರಗಿಗೆ ತುಂಬಿಕೊಳ್ಳತೊಡಗಿದಳು.

ಕೇಸು ಸೋತೆವು. ಚಿಕ್ಕಮ್ಮ ಬಟ್ಟೆಗಂಟಿನೊಂದಿಗೆ ಬ್ರಹ್ಮಾವರದ ನಮ್ಮ ಮನೆಗೆ ಬಂದಳು. ಆ ವರ್ಷದ ಹೊಸ್ತಿಗೆ ಬಾಗಿಲಿಗೆ, ನಲ್ಲಿಗೆ, ಅಕ್ಕಿಡಬ್ಬಕ್ಕೆ, ನನ್ನ ಸ್ಕೂಟರಿಗೂ ಕದಿರು ಕಟ್ಟಿದಳು. ಕೊನೆಗೆ ನನ್ನ ಮನೆಪತ್ರಗಳಿದ್ದ ಕಪಾಟಿನ ಮುಂದೆ, ಉಳಿದೊಂದು ಕದಿರನ್ನು ಬೆನ್ನ ಹಿಂದೆ ಹಿಡಿದು ನಿಂತಳು.

"ಇದ್ಕ್ ಬ್ಯಾಡ, ಅಲ್ದಾ?" ಎಂದು ಕೇಳಿದಳು.