ಮಾವಶಿಯ ತುಳಸಿಗೆ ಗುಟ್ಟಿನ ನೀರು

ಒಳ್ಳೆಯ ಕೆಲಸ ಮಾಡುವುದು ಅಷ್ಟೇನೂ ಕಷ್ಟವಲ್ಲ. ಮಾಡಿ ಬಾಯಿ ಮುಚ್ಚಿಕೊಂಡಿರುವುದು ಕಷ್ಟ. ಬಸ್ಸಿನಲ್ಲಿ ಯಾರೋ ಮುದುಕರಿಗೆ ಸೀಟು ಬಿಟ್ಟುಕೊಟ್ಟೆನೆಂದರೆ, ಮನೆಗೆ ಬಂದು ಅದನ್ನು ಹೆಂಡತಿಗೆ ಹೇಳುವವರೆಗೆ ನನಗೆ ಚಹಾ ರುಚಿಸುವುದಿಲ್ಲ. ನೇರವಾಗಿ ಹೇಳಿದರೆ ಜಂಬ ಎನಿಸೀತಲ್ಲ, ಹಾಗಾಗಿ "ಇವತ್ತ ಕಾಲು ಭಾಳ ನೋಯಾಕತ್ತಾವ" ಎಂದು ಸುತ್ತು ಬಳಸಿ ಶುರುಮಾಡುತ್ತೇನೆ. ನನ್ನ ಹೆಂಡತಿ ಎಸ್ತೇರಳು ಒಗ್ಗರಣೆಯಿಂದ ಕಣ್ಣೆತ್ತದೆ, "ಯಾರಿಗೆ ಸೀಟ್ ಬಿಟ್ಟುಕೊಟ್ಟು ಬಂದ್ರಿ?" ಎಂದು ಕೇಳಿ ನನ್ನ ಕಥೆಯನ್ನು ಅಲ್ಲಿಗೇ ಮುಗಿಸುತ್ತಾಳೆ.

ನಾವು ಗದಗದ ಕಡೆಯವರು. ಪುಣೆಗೆ ಬಂದು ಬಹಳ ವರ್ಷವಾಯಿತು. ನಾನು ಪಿಂಪ್ರಿ-ಚಿಂಚವಾಡದ ಒಂದು ಕಾರ್ಖಾನೆಯ ಸ್ಟೋರಿನಲ್ಲಿದ್ದೇನೆ, ಮನೆ ಮಾತ್ರ ಕೊಂಢವಾದಲ್ಲಿ. ಇಲ್ಲಿ ಕನ್ನಡದ ಆರಾಧನೆ ನಡೆಯುವುದು ಬೇರೆಯವರ ಚರ್ಚಿನಲ್ಲಿ, ಮರಾಠಿಯವರ ಆರಾಧನೆ ಮುಗಿದು ತಮಿಳಿನವರದು ಶುರುವಾಗುವ ಮುಂಚೆ ಸಿಗುವ ಬಿಡುವಿನಲ್ಲಿ. ತಮಿಳಿನವರು ಬಾಗಿಲಲ್ಲಿ ಬಂದು ನಿಂತರೂ ನಮ್ಮ ಸಭಾಪಾಲಕರು ಒಂದು ಪದ್ಧತಿಯನ್ನು ಬಿಡುವುದಿಲ್ಲ. ಕೊನೆಯ ಪ್ರಾರ್ಥನೆಗೆ ಮುಂಚೆ ನಮಗೆಲ್ಲ ವಾರದ ಮನೆಗೆಲಸ ಕೊಡುತ್ತಾರೆ. ಕ್ರಿಸ್ತನ ಶಿಷ್ಯರಾಗುವುದು ಭಾನುವಾರದ ಇಸ್ತ್ರಿ ಅಂಗಿಯಲ್ಲಿ ಮುಗಿಯುವ ಕೆಲಸವಲ್ಲ, ಸೋಮವಾರ ಕಂಪನಿ ಬಸ್ಸಿನಲ್ಲಿ ಶುರುವಾಗುವ ಕೆಲಸ ಎಂಬುದು ಅವರ ವಾದ. ಒಂದು ವಾರ ವೈರಿಗಳನ್ನು ಪ್ರೀತಿಸಿ ಎಂದರು. ನನಗೆ ಹೇಳಿಕೊಳ್ಳುವಂಥ ವೈರಿಗಳಿರಲಿಲ್ಲ. ಬುಧವಾರದ ತನಕ ಹುಡುಕಿ, ಕೊನೆಗೆ ನನ್ನ ಸ್ಕೂಟರನ್ನು ಪಾರ್ಕಿಂಗಿನಿಂದ ಹೊರಹಾಕಿಸಿದ್ದ ಸೊಸೈಟಿ ಸೆಕ್ರೆಟರಿಯನ್ನು ವೈರಿಯ ಜಾಗಕ್ಕೆ ನೇಮಿಸಿಕೊಂಡೆ. ಪಾಪ, ನಾನು ಪ್ರೀತಿಸುತ್ತಿರುವುದು ಅವರಿಗೆ ಇವತ್ತಿಗೂ ತಿಳಿದಿಲ್ಲ.

ಈ ಸಲದ ಮಳೆಗಾಲದ ಆರಂಭದಲ್ಲಿ ಬಂದ ಮನೆಗೆಲಸ ಮಾತ್ರ ನನ್ನ ಮರ್ಮಕ್ಕೇ ತಾಗಿತು. ಬಲಗೈ ಮಾಡಿದ ಉಪಕಾರ ಎಡಗೈಗೂ ತಿಳಿಯಬಾರದೆಂದು ಯೇಸುಸ್ವಾಮಿ ಹೇಳಿದ್ದಾರಲ್ಲ, ಆ ಮಾತು. ಆ ಕಾಲದಲ್ಲಿ ದಾನ ಕೊಡುವ ಮುಂಚೆ ತುತ್ತೂರಿ ಊದಿಸುವಂಥವರಿದ್ದರಂತೆ. ಈಗ ತುತ್ತೂರಿಯನ್ನು ಎಲ್ಲರೂ ಜೇಬಿನಲ್ಲೇ ಇಟ್ಟುಕೊಂಡು ತಿರುಗುತ್ತೇವೆ, ರಾತ್ರಿ ಚಾರ್ಜಿಗೂ ಹಾಕುತ್ತೇವೆ. ಗುಟ್ಟಾಗಿ ಭಕ್ತಿ ಮಾಡುವುದು ಹಿಂದಿನವರಿಗೂ ಸುಲಭವಾಗಿರಲಿಲ್ಲ ಎನ್ನಿ. ಬಹಳ ಹಿಂದೆ ಸಿರಿಯಾದ ಕಡೆ ಒಬ್ಬ ಸನ್ಯಾಸಿ ಜನರ ಕಾಟ ತಪ್ಪಿಸಿಕೊಂಡು ಪ್ರಾರ್ಥಿಸಬೇಕೆಂದು ಒಂದು ಕಂಬದ ಮೇಲೆ ಹತ್ತಿ ಕುಳಿತನಂತೆ. ಕಂಬದ ಮೇಲೆ ಕುಳಿತವನನ್ನು ನೋಡಲು ಎಲ್ಲೆಲ್ಲಿಂದಲೋ ಜನ ಬಂದರು. ಅವನು ಕಂಬವನ್ನು ಇನ್ನಷ್ಟು ಎತ್ತರ ಮಾಡಿಸಿದ, ಇನ್ನಷ್ಟು ದೂರದವರಿಗೆ ಕಂಡ. ನನಗೆ ಆ ಪುಣ್ಯಾತ್ಮನ ಮೇಲೆ ಬಂಧುಪ್ರೀತಿ.

ಅದೇ ವಾರ ಸುಮನ್ ಮಾವಶಿ ವಾರಿಗೆ, ಅಂದರೆ ಪಾಂಡುರಂಗನ ಪಾದಯಾತ್ರೆಗೆ, ಹೊರಟರು. ಮಾವಶಿ ಎಂದರೆ ಮರಾಠಿಯಲ್ಲಿ ಚಿಕ್ಕಮ್ಮ; ಇವರು ನಮ್ಮ ಪಕ್ಕದ ಮನೆಯವರು. ತವರು ಅಕ್ಕಲಕೋಟೆ, ಹಾಗಾಗಿ ನಮ್ಮೊಡನೆ ಕನ್ನಡ, ಉಳಿದ ಜಗತ್ತಿನೊಡನೆ ಮರಾಠಿ. ಪ್ರತಿ ಆಷಾಢಕ್ಕೂ ಮನೆಗೆ ಬೀಗ ಹಾಕಿ, ಗಂಡನ ಜೊತೆ ಸಂತರ ಪಲ್ಲಕ್ಕಿಯ ಹಿಂದೆ ಸಾಸವಡದ ದಾರಿ ಹಿಡಿದು ಪಂಢರಪುರಕ್ಕೆ ನಡೆದೇ ಹೋಗುತ್ತಾರೆ. ಅವರ ಬಾಗಿಲ ಮುಂದೆ, ಮೇಲೆ ಸೂರಿರುವ ಕಾರಿಡಾರಿನಲ್ಲಿ, ಒಂದು ತುಳಸಿಯ ಕುಂಡ. ಅವರ ತಾಯಿ ತವರಿನಿಂದ ಕೊಟ್ಟು ಕಳಿಸಿದ್ದ ತುಳಸಿಯ ವಂಶದ್ದು ಅದು. ಬೀಜದಿಂದ ಬೀಜಕ್ಕೆ ಉಳಿಸಿಕೊಂಡು ಬಂದಿದ್ದರು. ಹೊರಗೆ ಮಳೆ ಎಷ್ಟೇ ಸುರಿದರೂ ಅದರ ಮೇಲೆ ಒಂದು ಹನಿ ಬೀಳುವುದಿಲ್ಲ. ದೇವರೇ ತೋರಿಸಿದ ಅವಕಾಶ ಎಂದುಕೊಂಡೆ.

ಮೊದಲ ದಿನ ಬೆಳಗಿನ ಕಂಪನಿ ಬಸ್ಸಿಗೆ ಹೊರಡುವ ಮುಂಚೆ ತಂಬಿಗೆ ಹಿಡಿದು ಕಳ್ಳಹೆಜ್ಜೆಯಲ್ಲಿ ಹೊರಟೆ. ಬಾಗಿಲಲ್ಲೇ ಧರ್ಮಸಂಕಟ ಶುರುವಾಯಿತು. ಚಪ್ಪಲಿ ಬಿಟ್ಟು ಹೋದರೆ ಪೂಜೆ ಮಾಡಿದಂತೆ ಕಾಣುತ್ತದೆ; ಹಾಕಿಕೊಂಡು ಹೋದರೆ ಮಾವಶಿಯ ದೇವರಿಗೆ ಅವಮಾನ ಮಾಡಿದಂತಾಗುತ್ತದೆ. ಹಿಂದಿನಿಂದ ಎಸ್ತೇರಳ ದನಿ ಬಂತು.

"ಒಂದ ಕಾಲಾಗಿಂದು ಬಿಡ್ರಿ, ಒಂದ ಹಾಕ್ಕೋರಿ. ಎರಡೂ ಕಡಿಗಿ ಸಮಾಧಾನ ಆಗ್ತದ."

ಅಲ್ಲಿಗೆ ಎಡಗೈಗೆ ತಿಳಿದಂತಾಯಿತು. ಗಂಡಹೆಂಡಿರು ಒಂದೇ ಶರೀರವಾದ್ದರಿಂದ ಇದು ಲೆಕ್ಕಕ್ಕಿಲ್ಲ ಎಂದು ನನ್ನಷ್ಟಕ್ಕೆ ತೀರ್ಪು ಕೊಟ್ಟುಕೊಂಡು, ಎರಡೂ ಚಪ್ಪಲಿ ಬಿಟ್ಟು ನೀರು ಹಾಕಿ ಬಂದೆ.

ದಿನಾ ಹಾಕಿದೆ. ನಿಜ ಹೇಳಬೇಕೆಂದರೆ, ಕಾರಿಡಾರಿನ ಕ್ಯಾಮೆರಾದ ಕೆಳಗೆ ಬಂದಾಗ ನನ್ನ ನಡಿಗೆ ತಾನಾಗಿ ನಿಧಾನವಾಗುತ್ತಿತ್ತು, ಮುಖವೂ ಸ್ವಲ್ಪ ಮೇಲಕ್ಕೆ ಏಳುತ್ತಿತ್ತು. ಯಾರಾದರೂ ಅಕಸ್ಮಾತ್ತಾಗಿ ನೋಡಿಬಿಟ್ಟರೆ ಅದು ನನ್ನ ತಪ್ಪಲ್ಲವಲ್ಲ. ಹಾಳಾದ ಸೊಸೈಟಿ, ಪಾರ್ಕಿಂಗಿನಲ್ಲಿ ನಾಯಿ ಮಲಗಿದರೂ ಗ್ರೂಪಿನಲ್ಲಿ ಫೋಟೋ ಹಾಕುವ ಜನ, ನನ್ನನ್ನು ಒಬ್ಬರೂ ನೋಡಲಿಲ್ಲ. ಕುಂಡದ ಮಣ್ಣು ಯಾವಾಗಲೂ ಒದ್ದೆಯಾಗಿರುತ್ತಿತ್ತು. ಮಳೆಗಾಲದ ಹವೆ ಎಂದುಕೊಂಡು ಮೇಲೆ ಇನ್ನಷ್ಟು ಹಾಕುತ್ತಿದ್ದೆ. ಎಲೆ ಹಳದಿಯಾಗತೊಡಗಿದಾಗ, ಅಯ್ಯೋ ಬಾಯಾರಿಕೆ ಎಂದು ಎರಡನೆಯ ತಂಬಿಗೆಯನ್ನೂ ಸುರಿದೆ. ಆಮೇಲೆ ಎಲೆ ಉದುರಿತು. ಮಾವಶಿ ಬರುವ ಹೊತ್ತಿಗೆ ಕುಂಡದಲ್ಲಿ ಕಪ್ಪಗಾದ ಕಡ್ಡಿಗಳು, ತುದಿಯಲ್ಲಿ ಒಣ ತೆನೆಗಳಷ್ಟೇ ಉಳಿದಿದ್ದವು.

ಊರಿಗೆ ಬಂದ ಮಾರನೆಯ ದಿನ ಮಾವಶಿ ಪ್ರಸಾದದ ಚುರುಮುರಿ, ಬತ್ತಾಸು ಹಿಡಿದು ನಮ್ಮ ಮನೆಗೆ ಬಂದರು. ಬಿಸಿಲಿಗೆ ಮುಖ ಕಪ್ಪಾಗಿತ್ತು, ಕಣ್ಣು ಕೆಂಪಾಗಿತ್ತು.

"ಆ ಸಾಳುಂಖೆಗೆ ಹೇಳಿ ಹೋಗಿದ್ದೆ ನೋಡ್ರಿ, ದಿನಾ ಸಂಜೀಕ ತುಳಸಿಗೆ ನೀರು ಹಾಕಪ್ಪಾ ಅಂತ. ಒಂದ ದಿನಾನೂ ಹಾಕಿಲ್ಲ ಅಂವಾ, ನಾ ಬರೂ ಮುಂಚೆ ಒಂದಿಷ್ಟು ಸುರದಿರಬೇಕು ಅಷ್ಟ. ಕೇಳಿದರ ದಿನಾ ಹಾಕೀನಿ ಅಂತ ಆಣಿ ಮಾಡ್ತಾನ. ನಮ್ಮವ್ವನ ಗಿಡಾ ಕೊಂದಾಂವಗ ಪ್ರಸಾದ ಯಾಕ ಕೊಡ್ಲಿ? ಇನ್ನ ಅವನ ಹೊಸ್ತಿಲಾ ತುಳಿಯೂದಿಲ್ಲ ನಾನು."

ಸಾಳುಂಖೆ ನಮ್ಮ ಎದುರು ಮನೆಯವರು, ಟೈಲ್ಸ್ ಅಂಗಡಿಯವರು. ಮಾವಶಿಗೆ ತಲೆ ತಿರುಗಿ ಬಿದ್ದಾಗ ಅಂಗಡಿ ಮುಚ್ಚಿ ಆಸ್ಪತ್ರೆಗೆ ಓಡಿದವರು. ಅವರು ಸಂಜೆ, ನಾನು ಬೆಳಿಗ್ಗೆ. ನಡುವೆ ಆ ಬಡ ತುಳಸಿ ಉಸಿರು ಬಿಡಲು ಹೊತ್ತೇ ಇಲ್ಲದೆ ಮುಳುಗಿಹೋಗಿತ್ತು. ಸುಮಾರು ಮೂರು ವಾರ ಹೇಳಬೇಕು, ಹೇಳಬೇಕು ಎಂದು ತುರಿಸುತ್ತಿದ್ದ ನಾಲಿಗೆ ಅಂಗುಳಿಗೆ ಅಂಟಿಕೊಂಡಿತು. ಗುಟ್ಟಾಗಿ ಮಾಡಿದ್ದು ಗುಟ್ಟಾಗಿಯೇ ಇರಬೇಕೆಂಬ ಉಪದೇಶ ಅಷ್ಟು ಮಧುರವಾಗಿ ನನಗೆ ಹಿಂದೆಂದೂ ಕೇಳಿಸಿರಲಿಲ್ಲ. ಎಸ್ತೇರಳು ನನ್ನ ಮುಖ ನೋಡಿ, ತಂಬಿಗೆಯನ್ನು ತಂದು ನನ್ನ ಮುಂದಿಟ್ಟಳು. ಹೇಳಲೇಬೇಕೆಂದು ನನಗೆ ಅರ್ಥವಾಯಿತು.

"ಮಾವಶಿ, ಗಿಡಾ ನೀರಿಲ್ಲದ ಸತ್ತಿಲ್ಲರಿ. ನೀರು ಹೆಚ್ಚಾಗಿ ಸತ್ತದ. ಸಾಳುಂಖೆ ಹಾಕಿದ್ದು ಖರೆ. ಮುಂಜಾನೆ ನಾನೂ ಹಾಕ್ತಿದ್ದೆ."

ಮಾವಶಿ ನನ್ನನ್ನೇ ನೋಡಿದರು. "ನೀನು? ತುಳಸಿಗೆ? ಯಾರಿಗೂ ಹೇಳದಽ?"

"ಉಪಕಾರ ಗುಟ್ಟಾಗಿ ಮಾಡಬೇಕಂತ ನಮ್ಮ ಯೇಸುಸ್ವಾಮಿ ಹೇಳ್ಯಾರರಿ."

ಬೈಯುತ್ತಾರೆಂದುಕೊಂಡಿದ್ದೆ. ಮಾವಶಿ ಆ ಮಾತಿಗೆ ಸಲ್ಲಬೇಕಾದ ಗೌರವ ಕೊಟ್ಟೇ ಯೋಚಿಸಿದರು. "ಮಂದಿ ನೋಡಲಿ ಅಂತ ಮಾಡಬ್ಯಾಡ ಅಂದಿರಬೇಕು, ಪ್ರಭಾಕರ. ಬಾಜೂ ಮನಿಯವರನ್ನ ಒಂದ ಮಾತು ಕೇಳಬ್ಯಾಡ ಅಂದಿರಲಿಕ್ಕಿಲ್ಲ." ಇಷ್ಟು ಹೇಳಿ ಎದ್ದು, ಉಳಿದ ಬತ್ತಾಸನ್ನೆಲ್ಲ ಸೆರಗಿನಲ್ಲಿ ಕಟ್ಟಿಕೊಂಡು ಸೀದಾ ಸಾಳುಂಖೆಯ ಬಾಗಿಲು ಬಡಿದರು. ನಾನೂ ಹಿಂದೆ ಹೋದೆ.

ಸಾಳುಂಖೆ ಎಲ್ಲ ಕೇಳಿ ನಮ್ಮನ್ನು ಸೋಫಾದ ಮೇಲೆ ಕೂರಿಸಿದರು. ಆಮೇಲೆ ಸಣ್ಣ ದನಿಯಲ್ಲಿ ಮರಾಠಿಯಲ್ಲಿ ಹೇಳಿದ್ದು ಇದು: ಪ್ರತಿ ಸಂಜೆ ಅವರು ಹೋಗಿ ನೋಡಿದಾಗಲೂ ಮಣ್ಣು ಆಗಲೇ ಒದ್ದೆ. ಮನೆಗೆ ಬೀಗ, ಮೇಲೆ ಸೂರು, ಹಾಕುವವರು ಯಾರೂ ಇಲ್ಲ. ಮಾವಶಿ ತನ್ನ ಬಳಿಗೆ ನಡೆದು ಬರುತ್ತಿದ್ದಾಳೆಂದು ಪಾಂಡುರಂಗನೇ ಇಲ್ಲಿಗೆ ಬಂದು ನೀರು ಹಾಕುತ್ತಿದ್ದಾನೆ ಎಂದು ಅವರಿಗೆ ಖಾತ್ರಿಯಾಯಿತಂತೆ. ದೇವರೇ ದುಡಿಯುವಾಗ ತಾನು ಸುಮ್ಮನಿದ್ದರೆ ಸರಿಯಲ್ಲವೆಂದು ಭಕ್ತಿಯಿಂದ ಇನ್ನೊಂದು ಚೊಂಬು ಹೆಚ್ಚು ಹಾಕಿದರಂತೆ. ಮಾವಶಿ ನಕ್ಕು ನಕ್ಕು ಕಣ್ಣೊರೆಸಿಕೊಂಡರು, ಸಾಳುಂಖೆಯ ಬಾಯಿಗೆ ತಾವೇ ಬತ್ತಾಸು ಹಾಕಿದರು. ಆಮೇಲೆ ಕುಂಡದ ಒಣಗಿದ ತೆನೆಗಳನ್ನು ಉಜ್ಜಿ ಬೀಜ ತೆಗೆದುಕೊಂಡು, ಹೊಸ ಕುಂಡ ತರುವ ಕೆಲಸವನ್ನು ಎಲ್ಲರೆದುರಿಗೆ ನನಗೆ ವಹಿಸಿದರು.

ನಾನು ತೇಲುತ್ತಾ ಮನೆಗೆ ಬಂದೆ. ಪುಣೆಯಂಥ ಊರಿನಲ್ಲಿ, ಇಷ್ಟು ದಿನ, ಒಬ್ಬ ಮನುಷ್ಯ ನನ್ನ ಕೆಲಸವನ್ನು ಸಾಕ್ಷಾತ್ ದೇವರದೇ ಎಂದು ತಿಳಿದಿದ್ದ! ಶಿಷ್ಯನೊಬ್ಬನಿಗೆ ಇದಕ್ಕಿಂತ ಹೆಚ್ಚಿನದು ಏನು ಬೇಕು? ಈ ಭಾನುವಾರ ಸಭಾಪಾಲಕರಿಗೆ ಇದನ್ನು ಯಾವ ಸುತ್ತಿನಿಂದ ಶುರುಮಾಡಿ ಹೇಳಲಿ ಎಂದು ಎಸ್ತೇರಳನ್ನು ಕೇಳಿದೆ.

"ಅದೆಲ್ಲಾ ಖರೆ," ಎಂದಳು ಅವಳು, ಚಹಾದ ಕಪ್ಪು ನನ್ನ ಮುಂದಿಡುತ್ತಾ. "ಆದ್ರ ದೇವರಽ ಹಾಕಿದ್ದರ ಗಿಡಾ ಉಳೀತಿತ್ತು ನೋಡ್ರಿ."