ಬರಿಗೈಯಲ್ಲಿ ಹತ್ತಬಾರದ ಬೆಟ್ಟ

ನಿನ್ನೆ ನಮ್ಮ ಕಟ್ಟಡದ ಮೆಟ್ಟಿಲ ಬುಡದಲ್ಲಿ ಯಾರೋ ಇಟ್ಟಿದ್ದ ಅಕ್ಕಿಯ ಚೀಲವನ್ನು ಹೊತ್ತುಕೊಂಡು ಮೇಲೆ ಹೋಗಿಬಿಟ್ಟೆ. ಅದರ ಒಡತಿ "ಕಳ್ಳ, ಕಳ್ಳ" ಎಂದು ಹಿಂದೆಯೇ ಓಡಿ ಬಂದರು. ಕಳ್ಳನಾದವನು ಕದ್ದ ಮಾಲನ್ನು ಮೂರನೇ ಮಹಡಿಗೆ ಹೊರುತ್ತಾನೆಯೇ, ನೀವೇ ಹೇಳಿ.

ಅದು ಹಳೆಯ ಅಭ್ಯಾಸ. ಅರವತ್ತರ ದಶಕದ ಕೊನೆಯಲ್ಲಿ, ದೊಡ್ಡಬಳ್ಳಾಪುರದಾಚೆ ಬೆಟ್ಟದ ನೆತ್ತಿಯ ಮೇಲೊಂದು ಇಪ್ಪತ್ತು ಮನೆಗಳ ಹಳ್ಳಿಗೆ ನಾನು ಮೇಷ್ಟ್ರಾಗಿದ್ದೆ. ಬಸ್ಸು ಬೆಟ್ಟದ ಬುಡದಲ್ಲೇ ನಿಲ್ಲುತ್ತಿತ್ತು. ಅಲ್ಲಿನ ಕಲ್ಲುಚಪ್ಪಡಿಯ ಮೇಲೆ ಉಪ್ಪು, ಬೆಲ್ಲ, ಸೀಮೆಎಣ್ಣೆ ಇಳಿಯುತ್ತಿದ್ದವು. ಯಾರದೇ ಇರಲಿ, ಹತ್ತುವವರು ಒಂದನ್ನು ಹೊತ್ತು ತರಬೇಕು. ಬಂದ ಹೊಸದರಲ್ಲೊಂದು ದಿನ ನಾನು ಕೈಬೀಸಿಕೊಂಡು ಹತ್ತುತ್ತಿದ್ದೆ. ಉಪ್ಪಿನ ಮೂಟೆ ಹೊತ್ತು ಹಿಂದೆ ಬಂದ ಮೊಸರು ಮಾರುವ ಮುನಿಯಮ್ಮ, "ಪಾಪ, ಕೈ ನೋವಾ ಮೇಷ್ಟ್ರೇ?" ಅಂದಳು.

ಮಾಗಿಯಲ್ಲಿ ಮೋಡ ಶಾಲೆಯೊಳಗೇ ಬಂದು ಕೂರುತ್ತಿತ್ತು. ಹಾಜರಿ ಕೂಗಿದರೆ ದನಿ ಬರುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಚಳಿಗೆ, ಹೋಟೆಲ್ ಕಾಫಿಯಿಲ್ಲದ ಕೊರಗಿಗೆ ಸೋತು ವರ್ಗಾವಣೆಯ ಅರ್ಜಿ ಬರೆದೆ. ಬೆಟ್ಟ ಇಳಿಯುವಷ್ಟರಲ್ಲಿ ಬಸ್ಸು ಹೋಗಿತ್ತು. ಮರುದಿನ ಕಂಡಕ್ಟರ್ ಅಂಚೆಗೆ ಹಾಕಲಿ ಎಂದು ಲಕೋಟೆಯನ್ನು ಚಪ್ಪಡಿಯ ಮೇಲಿಟ್ಟು ಬಂದೆ. ಸಂಜೆ ಮುನಿಯಮ್ಮ ಅದನ್ನು ತಂದು ಕೈಗಿಟ್ಟಳು. "ಬೇರೇನೂ ಇರ್ಲಿಲ್ಲ, ಬರಿಗೈಲಿ ಬರ್ಬಾರ್ದು ಅಂತ ತಂದೆ."

ಅವಳ ಕೈಗೇ ಕೊಟ್ಟು ಕಳಿಸಿದೆ. ಮತ್ತೆ ವಾಪಸ್ಸು. ನನಗೆ ರೇಗಿತು.

"ಏನಮ್ಮಾ, ಕಂಡಕ್ಟರ್‌ಗೆ ಕೊಡು ಅಂದಿದ್ದು ಕೇಳಿಸ್ಲಿಲ್ವಾ?"

"ಕೇಳಿಸ್ತು. ನಂಗೆ ಓದಾಕ್ ಬರ್ದಿದ್ರೂ ಇದು ಗೊತ್ತಾಯ್ತದೆ. ಇಲ್ಲಿಗ್ ಬಂದ ಮೇಷ್ಟ್ರೆಲ್ಲ ಬರಿಯಾದು ಇದೊಂದೇ ಕಾಗ್ದ. ಆಮೇಲೆ ವರ್ಷಗಟ್ಲೆ ಇಸ್ಕೂಲ್‌ಗೆ ಬೀಗ. ನನ್ ಮೊಮ್ಮಗ್ಳು ಈಗ ಅಕ್ಷರ ಕೂಡಿಸ್ತಾವ್ಳೆ ಮೇಷ್ಟ್ರೇ. ಏನ್ ಬೇಕಾದ್ರೂ ಹೊರ್ತೀನಿ, ನಿಮ್ಮನ್ನ ಕಳ್ಸೋ ಕಾಗ್ದ ಮಾತ್ರ ಹೊರಾಕಿಲ್ಲ."

ಮರುದಿನ ನಾನೇ ಇಳಿದು ಕೊಟ್ಟುಬಂದೆ. ವರ್ಗವೂ ಆಯಿತು. ಹೊರಟ ದಿನ ಬೇಡವೆಂದರೂ ಕೇಳದೆ ನನ್ನ ಟ್ರಂಕನ್ನು ಅವಳೇ ಹೊತ್ತು ಇಳಿದಳು. ಬಸ್ಸು ಬಂದಾಗ ನನ್ನತ್ತ ನೋಡಲೇ ಇಲ್ಲ, ಬಾಗಿಲನ್ನೇ ನೋಡುತ್ತಿದ್ದಳು.

"ಹೊಸ ಮೇಷ್ಟ್ರು ಬಂದಿದ್ರೆ ಅವ್ರ ಟ್ರಂಕ್ ತಗಂಡೋಗ್ಬೇಕಲ್ಲ."

ಈ ಲಕೋಟೆಯ ಕಥೆಯನ್ನು ಎಷ್ಟೋ ವರ್ಷಗಳಿಂದ ಜನರನ್ನು ನಗಿಸಲು ಹೇಳುತ್ತಾ ಬಂದಿದ್ದೇನೆ, ಅದು ವಾಪಸ್ಸು ಬಂದಲ್ಲಿಗೇ ನಿಲ್ಲಿಸಿ. ಆ ಊರೆಂದರೆ ನನಗೆ ಪ್ರಾಣ ಎಂದೂ ಸೇರಿಸುತ್ತೇನೆ. ಆದರೆ ಶಾಲೆಯ ಬೀಗ ತೆಗೆದರೇ ಎಂದು ಕೇಳಿ ಒಂದು ಕಾರ್ಡನ್ನೂ ಬರೆಯಲಿಲ್ಲ. ಇವತ್ತು ನಾಚಿಕೆಯಾಗುತ್ತಿದೆ. ಅಂದು ಬಸ್ಸಿನಿಂದ ಯಾರೂ ಇಳಿಯಲಿಲ್ಲ ಎಂಬುದನ್ನು ನಿಮಗೇ ಮೊದಲು ಹೇಳುತ್ತಿದ್ದೇನೆ.